ಜೀಪಿನ ಎರಡನೆಯ ಬೀಗ

ಅಪ್ಪನ ಜೀಪಿಗೆ ಕೀಲಿ ತಿರುಗಿಸಿದರೆ ಸಾಲದು. ಎಲ್ಲೋ ಅಡಗಿಸಿಟ್ಟ ಒಂದು ಚಿಕ್ಕ ಸ್ವಿಚ್ಚನ್ನೂ ಒತ್ತಬೇಕು, ಇಲ್ಲದಿದ್ದರೆ ಎಂಜಿನ್ ಮಿಸುಕುವುದಿಲ್ಲ. ಮಸಿನಗುಡಿಯಲ್ಲಿ ಮೂವತ್ತು ವರ್ಷದಿಂದ ಜೀಪು ಓಡಿಸುತ್ತಿರುವ ಮನುಷ್ಯ ಆ ಸ್ವಿಚ್ ಎಲ್ಲಿದೆಯೆಂದು ಅವ್ವನಿಗೂ ಹೇಳಿರಲಿಲ್ಲ. ನನಗಂತೂ ಸ್ಟೇರಿಂಗ್ ಮುಟ್ಟಲೂ ಬಿಟ್ಟಿರಲಿಲ್ಲ. ಗೂಡಲೂರಿಗೆ ಹೋಗಿ ಯಾರದೋ ಕಾರಿನಲ್ಲಿ ಕಲಿತು ಲೈಸೆನ್ಸ್ ತಂದೆ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಫೋಟೋ ಚೆನ್ನಾಗದೆ’ ಅಂದು ವಾಪಸ್ ಕೊಟ್ಟ. ಆ ಸಿಟ್ಟು ನನಗೆ ಬಹಳ ದಿನ ಇತ್ತು.

ಜೀಪು ಬಿಟ್ಟರೆ ಅಪ್ಪನಿಗೆ ಜೀವವೆಂದರೆ ಅವನು ತೆಗೆದ ಫೋಟೋಗಳು. ದಾರಿಯಲ್ಲಿ ಕಂಡ ಆನೆ, ಕಾಟಿ, ಕೆನ್ನಾಯಿ, ಹೀಗೆ ಹನ್ನೆರಡು ವರ್ಷದ್ದು. ಎಲ್ಲವೂ ಇದ್ದದ್ದು ಅವನ ಆನ್‌ಲೈನ್ ಖಾತೆಯಲ್ಲಿ ಮಾತ್ರ. ಕಳೆದ ವರ್ಷ ಒಂದು ಬೆಳಿಗ್ಗೆ ಎಚ್ಚರಿಕೆಯ ಮೇಲ್ ಬಂತು: ಯಾರೋ ಖಾತೆಯೊಳಗೆ ನುಗ್ಗಲು ನೋಡಿದ್ದಾರೆ. ಪಾಸ್‌ವರ್ಡ್ ಏನಿಟ್ಟಿದ್ದೀಯ ಎಂದು ಕೇಳಿದೆ. ಜೀಪಿನ ನಂಬರಂತೆ! ಮುಂದೆ ಹಿಂದೆ ಬರೆಸಿಕೊಂಡು ದಿನವೂ ಊರೆಲ್ಲ ಸುತ್ತುವ ನಂಬರು.

ಅದನ್ನು ಬದಲಿಸಿದೆ. ಇನ್ನೊಂದು ಬೀಗವೂ ಬೇಕು, ಪಾಸ್‌ವರ್ಡ್ ಕದ್ದವನಿಗೂ ತೆಗೆಯಲು ಆಗಬಾರದು ಎಂದೆ.

‘ನನ್ ಸ್ವಿಚ್ ಇದ್ದಂಗೆ ಕನವ್ವ, ಗೊತ್ತಾಯ್ತು ಬುಡು,’ ಅಂದ ಅಪ್ಪ.

ಆ ಎರಡನೆಯ ಬೀಗ ಮೊಬೈಲಿಗೆ ಬರುವ ಓಟಿಪಿ ಆಗಬಹುದಿತ್ತು, ಫೋನಿನಲ್ಲಿ ಹಾಕಿಕೊಳ್ಳುವ ಆ್ಯಪ್ ಆಗಬಹುದಿತ್ತು. ಬ್ಯಾಂಕಿನವರದ್ದೂ ಓಟಿಪಿಯೇ ತಾನೇ, ಅದೇ ಇರಲಿ ಎಂದು ಅಪ್ಪ ಹಟ ಹಿಡಿದ. ತೊಂದರೆಯೆಂದರೆ ನಮ್ಮ ಮನೆಗೆ ಕೇಬಲ್ ಇಂಟರ್ನೆಟ್ ಇದೆ, ಮೊಬೈಲ್ ಟವರ್ ಸಿಗುವುದಿಲ್ಲ. ಟವರ್ ಸಿಗುವುದು ಬಸ್ ಸ್ಟ್ಯಾಂಡಿನಲ್ಲಿ. ಹಾಗಾಗಿ ನಾನು ಮನೆಯ ಕಂಪ್ಯೂಟರಿನ ಮುಂದೆ ಕುಳಿತೆ, ಅಪ್ಪ ಫೋನ್ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದ. ಓಟಿಪಿ ಬಂದ ಕೂಡಲೇ, ನಮ್ಮ ಮನೆ ಮುಂದೆ ಹಾದುಹೋಗುವ ಬಸ್ಸಿನ ಕಂಡಕ್ಟರಿಗೆ ಅದನ್ನು ಹೇಳಿ ಕಳಿಸಿದ!

ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಕಂಡಕ್ಟರ್ ತಮಿಳಿನಲ್ಲಿ ಕೂಗಿದ: ‘ನಾಲು, ಏಳು, ಒಂಬದು...’ ಮುಂದಿನದು ಮರೆತಿತ್ತು. ಕಿಟಕಿಯಿಂದ ಒಬ್ಬ ಅಜ್ಜಿ ‘ರೆಂಡು, ರೆಂಡು!’ ಎಂದು ನೆನಪಿಸಿದರು. ಹಿಂದಿನ ಸೀಟಿನವರು ಉಳಿದ ಒಂದಂಕಿ ಹೇಳಿದರು. ಓಡಿಹೋಗಿ ಹೊಡೆದರೆ ಅವಧಿ ಮುಗಿದಿದೆ ಎಂದು ಬಂತು. ತಿರುವಿನಲ್ಲಿ ಆನೆ ನಿಂತು ಬಸ್ಸು ಕಾಲು ಗಂಟೆ ತಡವಾಗಿತ್ತಂತೆ. ಇನ್ನೆರಡು ಸಲ ಇನ್ನೆರಡು ಬಸ್ಸು ನೋಡಿದೆವು, ಅದೇ ಕಥೆ. ಸಂಜೆ ಪಕ್ಕದ ಮನೆಯವರು ಬೇಲಿಯಾಚೆಯಿಂದ ‘ನಿಮ್ ನಂಬರ್ ಬಂತಾ?’ ಎಂದು ಕೇಳಿದರು. ಗುಟ್ಟು ಊರಿಗೆಲ್ಲ ತಲುಪಿತ್ತು, ಕಂಪ್ಯೂಟರಿಗೊಂದು ಬಿಟ್ಟು. ನಗುವುದೋ ಬೈಯುವುದೋ ತಿಳಿಯದೆ ಎರಡನ್ನೂ ಮಾಡಿದೆ.

ಮರುದಿನ ನನ್ನ ಫೋನಿಗೆ ಆ್ಯಪ್ ಹಾಕಿದೆ. ಆರಂಕಿ ಬಂತು, ಅರ್ಧ ನಿಮಿಷಕ್ಕೆ ಬದಲಾಯಿತು. ಅಪ್ಪನಿಗೆ ನಂಬಿಕೆಯಿಲ್ಲ. ಫೋನನ್ನು ಹಿತ್ತಿಲಿಗೆ ಒಯ್ದ, ಸೌದೆ ಕೋಣೆಯೊಳಗೆ ಇಟ್ಟು ನೋಡಿದ. ಅಲ್ಲೂ ನಂಬರು ಬದಲಾಗುತ್ತಲೇ ಇತ್ತು.

‘ಟವರೇ ಇಲ್ದೆ ಎಲ್ಲಿಂದ ಬತ್ತದೆ?’

‘ಎಲ್ಲಿಂದ್ಲೂ ಬರಲ್ಲ ಅಪ್ಪ. ಫೋನೇ ಲೆಕ್ಕ ಹಾಕ್ಕೊಳ್ತದೆ.’

‘ಲೇ, ಬಾ ಇಲ್ಲಿ ನೋಡು!’ ಎಂದು ಅವ್ವನನ್ನು ಕೂಗಿದ. ಅಷ್ಟು ಖುಷಿಯಾಗಿ ಅವನನ್ನು ನಾನು ನೋಡಿದ್ದು ಕಡಿಮೆ.

ಆಮೇಲೆ ಕೇಳಿದ, ‘ನಿನ್ ಫೋನ್ ಕಳೆದೋದ್ರೆ?’ ಅದಕ್ಕೂ ದಾರಿಯಿತ್ತು. ಖಾತೆಯವರೇ ಕೊಡುವ, ಒಂದೊಂದನ್ನು ಒಂದೇ ಸಲ ಬಳಸಬಹುದಾದ ಹತ್ತು ಕೋಡುಗಳನ್ನು ಚೀಟಿಯಲ್ಲಿ ಬರೆದುಕೊಟ್ಟು, ಭದ್ರವಾಗಿಡು ಎಂದೆ. ಅಪ್ಪ ಹೊರಗೆ ಹೋಗಿ ಬಂದ. ಎಲ್ಲಿಟ್ಟೆ ಎಂದರೆ, ‘ನಿಂಗ್ಯಾಕೆ?’

ನನಗೆ ತಡೆಯಲಾಗಲಿಲ್ಲ. ‘ಬಸ್ಸಿನೋರಿಗೆಲ್ಲ ಹೇಳ್ದೋನು ನಂಗೆ ಹೇಳಲ್ವಾ? ನಾಳೆ ನೀನೇ ಮರೆತ್ರೆ ಆ ಫೋಟೋ ನಿಂಗೂ ಇಲ್ಲ, ನಮ್ಗೂ ಇಲ್ಲ!’

ಅಪ್ಪ ಟೀ ಕುಡಿದು ಮುಗಿಸಿದ. ಲೋಟ ಕೆಳಗಿಟ್ಟು ‘ಬಾ’ ಅಂದ.

ಅಂಗಳದಲ್ಲಿದ್ದ ಜೀಪಿನ ಡ್ರೈವರ್ ಸೀಟಿನಲ್ಲಿ ನನ್ನನ್ನು ಕೂರಿಸಿ, ನನ್ನ ಕೈ ಹಿಡಿದು ಸೀಟಿನಡಿಗೆ ಒಯ್ದ. ಬೆರಳಿಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚೀಟಿ ತಾಗಿತು. ಅದರ ಪಕ್ಕದಲ್ಲೇ ಒಂದು ಚಿಕ್ಕ ಗುಂಡಿ.

‘ಒತ್ತು,’ ಅಂದ. ಒತ್ತಿ, ಕೀಲಿ ತಿರುಗಿಸಿದೆ. ಜೀಪು ಗುಡುಗುಟ್ಟಿತು. ನನಗೆ ಕಣ್ಣು ತುಂಬಿ ಬಂತು, ನಗುವೂ ಬಂತು.

‘ಕ್ಲಚ್ ವಸಿ ಗಟ್ಟಿ, ನೋಡ್ಕೊ,’ ಎನ್ನುತ್ತ ಅಪ್ಪ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕುಳಿತ. ಮೂವತ್ತು ವರ್ಷದಲ್ಲಿ ಅವನು ಆ ಸೀಟಿನಲ್ಲಿ ಕುಳಿತದ್ದು ಅದೇ ಮೊದಲು.