ಅವ್ವನ ಬಾಯಿ, ಲಾಳಿಯ ತೂತು

ನನ್ನ ಅವ್ವನ ಬಗ್ಗೆ ಯಾರಾದರೂ ಸುಳ್ಳು ಬರೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಬ್ಬ ಡಾಕ್ಟರ್ ನನ್ನ ಕಣ್ಣೆದುರಿಗೇ, ಅಚ್ಚು ಹಾಕಿಸಿದ ಹಾಳೆಯ ಮೇಲೆ ಬರೆದ: ಪರೀಕ್ಷೆಗೆ ಸಹಕರಿಸಲಿಲ್ಲ.

ಆಗ ಅವ್ವ, ನಾನು ಇಬ್ಬರೂ ಬನಹಟ್ಟಿಯ ಒಂದೇ ಶೆಡ್ಡಿನಲ್ಲಿ ಪಾವರ್‌ಲೂಮ್ ನಡೆಸುತ್ತಿದ್ದೆವು. ಬಾಗಲಕೋಟೆ ಜಿಲ್ಲೆಯಾಗಿ ಹತ್ತು ವರ್ಷದ ಮೇಲಾಗಿತ್ತು, ಅವ್ವ ಮಗ್ಗದ ಮುಂದೆ ನಿಂತು ಮೂವತ್ತು. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯೊಳಗಿನ ನೂಲಿನ ಕಂಡಿಕೆ ತೀರಿದಾಗಲೊಮ್ಮೆ ಹೊಸದು ಹಾಕಿ, ಅದರ ತುದಿಯನ್ನು ಲಾಳಿಯ ಬದಿಯ ಸಣ್ಣ ತೂತಿನಿಂದ ಹೊರಗೆ ತರಬೇಕು. ತಂತಿಯ ಕೊಕ್ಕೆಯಿಂದಲೂ ತರಬಹುದು, ಆದರೆ ಅದಕ್ಕೆ ಹೊತ್ತು ಹಿಡಿಯುತ್ತದೆ. ನಾವು ತೂತಿಗೆ ತುಟಿ ಹಚ್ಚಿ ಸುರ್ರಂತ ಎಳೆಯುತ್ತಿದ್ದೆವು. ನೂಲು ಬರುತ್ತಿತ್ತು, ಜೊತೆಗೆ ಧೂಳೂ ಗಂಟಲಿಗಿಳಿಯುತ್ತಿತ್ತು. ಈ ಕೆಲಸದಲ್ಲಿ ಅವ್ವನನ್ನು ಮೀರಿಸುವವರು ಶೆಡ್ಡಿನಲ್ಲಿರಲಿಲ್ಲ. ಅವಳದು ಒಂದೇ ಎಳೆತ.

ಅವ್ವನಿಗೆ ಕೆಮ್ಮು ಹತ್ತಿ ವರ್ಷಗಳಾಗಿದ್ದವು. ನಳಕ್ಕೆ ಹೋಗಿ ಬರುವಷ್ಟರಲ್ಲಿ ಎರಡು ಕಡೆ ಕೂಡುತ್ತಿದ್ದಳು. ಕಫದಲ್ಲಿ ಏನೂ ಸಿಗದಿದ್ದರೂ ಊರಿನ ಇನ್ನೊಬ್ಬ ಡಾಕ್ಟರ್ ಎರಡು ಸಲ ಟಿಬಿ ಗುಳಿಗೆ ನುಂಗಿಸಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂಗ! ಮೂರನೆಯ ಸಲದ ಚೀಟಿ ಆಗಲೇ ಮನೆಯ ಗೂಡಿನಲ್ಲಿತ್ತು.

ಅಷ್ಟರಲ್ಲಿ ನೇಕಾರರ ಶ್ವಾಸಕೋಶದ ಮೇಲೆ ಸಂಶೋಧನೆ ಮಾಡುವ ಡಾಕ್ಟರುಗಳ ತಂಡವೊಂದು ಬಂದು, ನಮ್ಮ ಶೆಡ್ಡಿನ ಎದುರಿನ ಸಮುದಾಯ ಭವನದಲ್ಲಿ ಮಷಿನ್ ಇಟ್ಟುಕೊಂಡು ಕೂತಿತು. ಮಷಿನ್ನಿನ ನಳಿಗೆಯಲ್ಲಿ ಊದಬೇಕು. ಉಸಿರು ಕಡಿಮೆ ಬಂದವರಿಗೆ ದೊಡ್ಡ ದವಾಖಾನೆಯಲ್ಲಿ ಸ್ಕ್ಯಾನು, ವರ್ಷವಿಡೀ ಪುಕ್ಕಟೆ ಔಷಧ. ಊದಲಾರದವರ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ. ಅವ್ವನ ಹೆಸರು ಅದರಲ್ಲಿ ಬೀಳಲೇಬೇಕಿತ್ತು. ಇಲ್ಲದಿದ್ದರೆ ಮತ್ತೆ ಅದೇ ಗುಳಿಗೆ, ಅದೇ ಕೆಮ್ಮು.

"ಅಮ್ಮಾ, ಜೋರಾಗಿ ಊದಿ," ಅಂದ ದಕ್ಷಿಣದ ಕಡೆಯ ಎಳೆ ಪ್ರಾಯದ ಡಾಕ್ಟರ್.

ಅವ್ವ ನಳಿಗೆಗೆ ತುಟಿ ಹಚ್ಚಿ ಸುರ್ರಂತ ಒಳಗೆ ಎಳೆದಳು.

"ಎಳೀಬೇಡಿ, ಊದಿ!"

ಮತ್ತೆ ಎಳೆದಳು. ಐದು ಸಲ ಆಯಿತು, ಆರು ಸಲ ಆಯಿತು. ಮೂವತ್ತು ವರ್ಷದ ಬಾಯಿ ಅದು, ತುಟಿಗೆ ತೂತು ತಾಕಿದರೆ ಸಾಕು, ಎಳೆಯುತ್ತದೆ. ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ಡಾಕ್ಟರ್ ಹಾಳೆಯ ಮೇಲೆ ಏನೋ ಗೀಚಿ, "ಮುಂದಿನೋರು ಬನ್ನಿ" ಅಂದ. ನಾನು ಬಗ್ಗಿ ಓದಿದೆ, ಸಹಕರಿಸಲಿಲ್ಲ ಅಂತಿತ್ತು.

"ಯಾ ಮುಂದಿನಾವ್ರೂ ಬರೂದಿಲ್ಲ!" ಅಂತ ಅಡ್ಡ ನಿಂತೆ.

"ಕುಣಿಲಾರದಾಕಿ ನೆಲ ಡೊಂಕು ಅಂದ್ಳಂತ," ಅಂದ ನಮ್ಮ ಶೆಡ್ಡಿನ ಮಾಲೀಕ, ಸಾಲಿನಲ್ಲಿ ನಿಂತೇ.

"ನೀವ್ ಬಾಯಿ ಮುಚ್ರಿ ಸಾವ್ಕಾರ್ರ. ಸಾಹೇಬ್ರ, ಸಹಕಾರ ಅಂದ್ರ ಏನ್ರೀ? ಮಗ್ಗಕ್ಕ, ಮಾಲಕರಿಗೆ, ಮನಿಮಂದಿಗೆ ಮೂವತ್ತ ವರ್ಷ ಸಹಕರ್ಸ್ಯಾಳ ಆಕಿ. ಸಹಕರ್ಸೇ ಹಿಂಗ ಆಗ್ಯಾಳ!"

ನಾನು ಹೊರಗೆ ಓಡಿದೆ. ಶೆಡ್ಡಿನಿಂದ ಹೊಸ ಲಾಳಿಯೊಂದನ್ನು ತಂದೆ, ಶೆಡ್ಡಿನ ಹಿಂದಿದ್ದ ನಮ್ಮ ಮನೆಯಿಂದ ಒಲೆ ಊದುವ ಕೊಳವೆ ತಂದೆ. ಕಂಡಿಕೆ ಹಾಕಿದ ಲಾಳಿಯನ್ನು ಡಾಕ್ಟರನ ಕೈಗಿಟ್ಟು, "ಇದರಾಗಿನ ನೂಲ ತಗೀರಿ ನೋಡೂಣು" ಅಂದೆ. ಅವನು ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ, ಆಗಲಿಲ್ಲ. ಕರವಸ್ತ್ರದಿಂದ ಒರೆಸಿ, ನಾನು ತೋರಿಸಿದಂತೆ ಬಾಯಿ ಹಚ್ಚಿ ಎಳೆದ. ನೂಲು ಗಂಟಲಿಗೆ ಹೊಕ್ಕು, ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮಿದ.

"ದಿನಾ ಹೀಗೇನಾ?" ಅಂದ.

"ದಿನಕ್ಕೊಮ್ಮೆ ಅಲ್ರಿ. ಕಂಡಿಕಿ ತೀರಿದಾಗೊಮ್ಮೆ."

ಊದುಗೊಳವೆಯನ್ನು ಅವ್ವನ ಕೈಗೆ ಕೊಟ್ಟೆ. "ಬೇ, ಕಟಗಿ ಹಸೀವ ಅದಾವು, ಮನಿ ತುಂಬ ಹೊಗಿ ಆಗೇತಿ, ಹಂಚ ಆರಾಕತ್ತೇತಿ. ಊದು!" ಅವ್ವ ಹುಬ್ಬು ಗಂಟಿಕ್ಕಿ ಊದಿದಳು. ಡಾಕ್ಟರ್ ಕೊಳವೆ ತೆಗೆದು ಆ ಜಾಗಕ್ಕೆ ತನ್ನ ನಳಿಗೆ ಹಿಡಿದ. ಅವ್ವ ಅದೇ ಸಿಟ್ಟಿನಲ್ಲಿ ಅದಕ್ಕೂ ಊದಿದಳು. ಮಷಿನ್ನಿನಲ್ಲಿ ಗೆರೆ ಮೂಡಿತು. ಇರಬೇಕಾದ ಉಸಿರಿನ ಅರ್ಧವೂ ಇರಲಿಲ್ಲ. ಖುಷಿಪಡಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ, ಎರಡನ್ನೂ ಮಾಡಿದೆ.

"ಆ ಮಾತ ಹೊಡದ ಹಾಕ್ರಿ," ಅಂದೆ. ಡಾಕ್ಟರ್ ಆ ಹಾಳೆಯನ್ನೇ ಹರಿದು ಹೊಸದರಲ್ಲಿ ಬರೆದ.

ಸ್ಕ್ಯಾನಿನಲ್ಲಿ ಟಿಬಿ ಇಲ್ಲವೆಂದು ಗೊತ್ತಾಯಿತು. ನೂಲಿನ ಧೂಳಿನಿಂದ ಉಸಿರಿನ ಕೊಳವೆಗಳು ಕಿರಿದಾಗಿದ್ದವು. ಕೆಟ್ಟಿದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಯಬಹುದು ಅಂತ ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದ. ಗೂಡಿನಲ್ಲಿದ್ದ ಚೀಟಿಯನ್ನು ಒಲೆಗೆ ಹಾಕಿದೆ. ಅವ್ವನಂಥವರಿಗೆಲ್ಲ, ಸಣ್ಣ ಡಬ್ಬಿಗೆ ಒಂದೊಂದೇ ಸಲದಷ್ಟು ಹಾಕಿ ಬಾಯಿಂದ ಎಳೆದುಕೊಳ್ಳುವ ಪುಡಿ ಔಷಧ ಕೊಟ್ಟರು. ಮುಂದಿನ ತಪಾಸಣೆಯ ದಿನ ನೋಡಬೇಕಿತ್ತು! ಮಷಿನ್ನಿಗೆ ಊದಿ ಊದಿ ರೂಢಿಯಾದ ಮಂದಿ ಅದಕ್ಕೂ ಊದಿ, ಪುಡಿಯನ್ನೆಲ್ಲ ಮೀಸೆ ಮೇಲೆ ಚೆಲ್ಲಿಕೊಂಡರು. ಅವ್ವ ಒಂದೇ ಎಳೆತಕ್ಕೆ ಡಬ್ಬಿ ಖಾಲಿ ಮಾಡಿದಳು. "ಇವರನ್ನ ನೋಡಿ ಕಲೀರಿ," ಅಂದ ಡಾಕ್ಟರ್. ಅವ್ವ ಸೆರಗು ಸರಿಮಾಡಿಕೊಂಡು, ಅವತ್ತೂ ಸಾಲಿನಲ್ಲಿದ್ದ ಮಾಲೀಕನ ಕಡೆ ನೋಡಿದಳು.

ಅವ್ವ ಮಗ್ಗ ಬಿಟ್ಟಳು. ನಾನು? ಇಷ್ಟೆಲ್ಲ ಒದರಾಡಿದ ನಾನು ಲಾಳಿಗೆ ಬಾಯಿ ಹಚ್ಚುವುದನ್ನು ಬಿಟ್ಟಿರಲಿಲ್ಲ. ಕೊಕ್ಕೆ ಹಿಡಿದರೆ ದಿನಕ್ಕೆ ನೇಯುವ ಅರಿವೆ ಕಡಿಮೆ ಬೀಳುತ್ತದೆ ಅಂತ ಮಾಲೀಕ ಗೊಣಗುತ್ತಿದ್ದ, ನಾನೂ ಕೊಕ್ಕೆ ಮುಟ್ಟುತ್ತಿರಲಿಲ್ಲ. ನಾಚಿಕೆಗೇಡಿನ ಮಾತು, ಆದರೆ ಖರೆ.

ಒಂದು ದಿನ ಬುತ್ತಿ ತಂದ ಅವ್ವ ಅದನ್ನು ನೋಡಿಬಿಟ್ಟಳು. ಮಗ್ಗಗಳ ಸಪ್ಪಳವನ್ನು ಮೀರಿ ಕೂಗುವ ಉಸಿರು ಅವಳಲ್ಲಿರಲಿಲ್ಲ. ಸೀದಾ ಬಂದು ನನ್ನ ಮಗ್ಗದ ಸ್ವಿಚ್ ಒತ್ತಿದಳು. ಮುಂದಿನ ಸರದಿಗೆಂದು ನಾನು ತುಟಿಗೆ ಹಚ್ಚಿದ್ದ ಇನ್ನೊಂದು ಲಾಳಿಯನ್ನು ಕಿತ್ತುಕೊಂಡಳು.

"ಯಾಕ ಬೇ, ಮಗ್ಗ ಯಾಕ ಬಂದ್ ಮಾಡಿದಿ?" ಅಂತ ಮಾಲೀಕ ಓಡಿ ಬಂದ.

ಅವ್ವ ಅವನ ಕಡೆ ತಿರುಗಲಿಲ್ಲ. ಸೊಂಟದ ಚೀಲದಿಂದ ತಂತಿಯ ಕೊಕ್ಕೆ ತೆಗೆದು ನನ್ನ ಕೈಗಿಟ್ಟಳು. ಏದುಸಿರಿನಲ್ಲಿ ಒಂದೊಂದೇ ಮಾತು ಬಂತು.

"ಸಹಕರ್ಸೂದು ನಂದ ಮುಗದೇತಿ. ನೀ ಸುರು ಮಾಡಬ್ಯಾಡ."

ಲಾಳಿಯನ್ನು ತಿರುಗಿ ಇಸಕೊಂಡು ಕೊಕ್ಕೆಯಿಂದ ನೂಲು ತೆಗೆಯಹೋದೆ. ಮೊದಲ ಸಲ ಬರಲಿಲ್ಲ, ಎರಡನೆಯ ಸಲವೂ ಬರಲಿಲ್ಲ. ಮಾಲೀಕ ಗಡಿಯಾರ ನೋಡುತ್ತ ನಿಂತಿದ್ದ. ಅವ್ವ ನನ್ನ ಮಗ್ಗದ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದಳು, ನೂಲು ಬರುವ ತನಕ.