ಮುಡಿಯದವರ ಹೂದೋಟ

ಹೂಗಿಡ ಕೊಳ್ಳಲು ಹೋದವನು ಗಿಡಕ್ಕಿಂತ ಹೆಚ್ಚಾಗಿ ಊರಿನ ಬಾಯನ್ನು ನೆನೆಯುತ್ತಾನೆ. ಅರವತ್ತರ ದಶಕದ ಕೊನೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿ, ದೊಡ್ಡಬಳ್ಳಾಪುರದಲ್ಲಿ ಬಾಡಿಗೆ ಮನೆ ಹಿಡಿದಾಗ ನಾನೂ ಹಾಗೇ ಮಾಡಿದೆ. ಮನೆಯಲ್ಲಿದ್ದವರು ನಾನು, ಅಮ್ಮ ಇಬ್ಬರೇ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಹೂ ಮುಡಿದಿರಲಿಲ್ಲ. ಆದ್ದರಿಂದ ಬಹಳ ಜಾಣತನದಿಂದ ಎರಡು ನಂದಿಬಟ್ಟಲ ಗಿಡ ತಂದೆ.

"ಇದೇನೋ, ಬರೀ ಬಿಳೀದೇ ತಂದಿದೀಯ?" ಎಂದಳು ಅಮ್ಮ.

"ಪೂಜೆಗಾಗುತ್ತಲ್ಲಮ್ಮ."

"ದೇವರಿಗಾಯ್ತು. ನನಗೆ?"

ಅಮ್ಮ ಸೊಪ್ಪು ಬಿಡಿಸುತ್ತಲೇ, "ಮುಡಿಯೋದು ಬಿಟ್ಟಿದೀನಿ, ನೋಡೋದು ಬಿಟ್ಟಿಲ್ಲ ಕಣೋ" ಎಂದಳು.

ನಮ್ಮದು ನೇಕಾರರ ಬೀದಿ. ಎದುರುಮನೆಯವರು ಬಣ್ಣ ಹಾಕಿದ ರೇಷ್ಮೆ ನೂಲನ್ನು ಒಣಹಾಕುತ್ತಿದ್ದರು. ಅಮ್ಮ ಅದನ್ನು ತೋರಿಸಿ, "ಆ ಕೆಂಪಿನ ದಾಸವಾಳ, ಈ ಬಣ್ಣದ ಕನಕಾಂಬರ" ಎಂದು ಮದುವೆಗೆ ಸೀರೆ ತೆಗೆಯುವವಳ ಹಾಗೆ ಆರಿಸಿದಳು. ಒಂದೇ ಷರತ್ತು: ಒಂದು ಸಲ ಹೂಬಿಟ್ಟು ಒಣಗುವ ಗಿಡ ಬೇಡ, ವರ್ಷ ವರ್ಷವೂ ನಿಲ್ಲಬೇಕು. ಊರೂರು ಸೈಕಲ್ ತುಳಿದು ತಂದೆ. ಮುಸುರೆ ನೀರು ಕುಡಿದೇ ಅವು ಸೊಕ್ಕಿದವು. ಕನಕಾಂಬರವೆಂದರೆ ಚಿನ್ನದ ಬಟ್ಟೆ ಎಂದು ನಾನು ಪಾಂಡಿತ್ಯ ತೋರಿಸಿದರೆ ಅಮ್ಮ, "ಹಂಗಾದ್ರೆ ಅದೇ ಉಟ್ಕೊಂಡಿದೆ, ಮುಡಿಯೋರು ಯಾಕೆ ಬೇಕು?" ಎಂದು ನಕ್ಕಳು.

ಆಗ ಹೊಸಕೋಟೆಯಿಂದ ಅತ್ತೆ ಬಂದರು, ಅಪ್ಪನ ಅಕ್ಕ. ಅವರೂ ಗಂಡನನ್ನು ಕಳೆದುಕೊಂಡವರು. ಅವರ ಮಾತೆಂದರೆ ನೆಂಟರಿಗೆಲ್ಲ ಅಂಜಿಕೆ. ಬಾಗಿಲಲ್ಲೇ ನಿಂತು ಕೇಳಿದರು: "ಮುಡಿಯೋರಿಲ್ಲದ ಮನೇಲಿ ಇಷ್ಟೊಂದು ಬಣ್ಣ ಯಾಕೆ ಪುಟ್ಟಮ್ಮ? ನೋಡಿದೋರು ಏನಂದಾರು?"

ನಾನು ಗಿಡಗಳಿಗೆ ಅಡ್ಡ ನಿಂತೆ. ಅಮ್ಮ ಮಾತ್ರ ಚಾಪೆಯನ್ನು ದಾಸವಾಳದ ಪಕ್ಕಕ್ಕೇ ಹಾಸಿ, "ಮೊದಲು ನೀವು ನೋಡಿ ಅತ್ತಿಗೆ, ಆಮೇಲೆ ಅವರ ಮಾತು" ಎಂದಳು.

ಅತ್ತೆ ಕೂತರು. ಕಾಫಿ ಆರಿತು. ಮತ್ತೆ ಬಿಸಿ ಮಾಡಿ ತಂದರೆ ಅದೂ ಆರಿತು. ಸಂಜೆ ಬಸ್ಸಿಗೆ ಹೊರಟವರು ಚಪ್ಪಲಿ ಮೆಟ್ಟಿ, ಮತ್ತೆ ಬಿಟ್ಟು ಒಳಗೆ ಬಂದರು.

"ಒಂದು ಕಡ್ಡಿ ಮುರಿದುಕೊಡೇ. ಕೆಂಪುದು." ಗಿಡದತ್ತ ಬಗ್ಗಿ, "ಮುರಿದರೆ ಗಿಡ ಸೊರಗಲ್ಲ ತಾನೆ?"

"ಇಲ್ಲ ಅತ್ತಿಗೆ," ಎಂದಳು ಅಮ್ಮ, "ಮುರಿದ ಕಡೆಯೇ ಎರಡು ಚಿಗುರುತ್ತೆ."