ಹೀರೋನನ್ನು ಅಂಗೈಯಲ್ಲಿ ಮುಚ್ಚಿದ ಕೆಂಪಯ್ಯನವರು

ತೀರ್ಪು ಕೊಡುವುದು ಪರಮ ಗಂಭೀರವಾದ ಕಾರ್ಯ. ಅದಕ್ಕೆ ಕೂರುವವನು ರಾಗದ್ವೇಷಗಳನ್ನು ತೊರೆದಿರಬೇಕು ಎಂದು ಬಲ್ಲವರು ಹೇಳುತ್ತಾರೆ. ಎಂಬತ್ತರ ದಶಕದಲ್ಲಿ ನಮ್ಮ ರಾಜಾಜಿನಗರದ ಚಿತ್ರರಸಿಕರ ಸಂಘ ಈ ಕಾರ್ಯವನ್ನು ವರ್ಷಕ್ಕೊಂದು ಭಾನುವಾರ, ಖಾರಾಬಾತ್ ಆರುವುದರೊಳಗೆ ಮುಗಿಸುತ್ತಿತ್ತು.

ತೀರ್ಪುಗಾರರು ಮೂವರು. ಅಧ್ಯಕ್ಷ ನಂಜಪ್ಪನವರಿಗೆ ಟಿಂಬರ್ ಡಿಪೋ ಇತ್ತು. ಪ್ರಶಸ್ತಿ ಫಲಕದ ಮರ ಅವರದು, ಆದ್ದರಿಂದ ಸಂಘದ ಅಭಿಪ್ರಾಯವೂ ಬಹುಪಾಲು ಅವರದೇ. ಕಾರ್ಯದರ್ಶಿಯಾದ ನಾನು ಬ್ಯಾಂಕಿನ ಗುಮಾಸ್ತ. ಮೂರನೆಯವರು ಕೆಂಪಯ್ಯನವರು.

ಕೆಂಪಯ್ಯನವರು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವವರು. ಅಲ್ಲಿನ ನಾಟಕ ತಂಡದಲ್ಲಿ ಇಪ್ಪತ್ತು ವರ್ಷ ಪರದೆಯ ಪಕ್ಕ ನಿಂತು, ಮಾತು ಮರೆತವರಿಗೆ ಮಾತು ಎತ್ತಿಕೊಟ್ಟವರು. ಬಣ್ಣ ಹಚ್ಚಿದ್ದು ಒಮ್ಮೆಯೂ ಇಲ್ಲ. ಸಿನಿಮಾ ನೋಡುವಾಗ ಅವರದೊಂದು ಕ್ರಮವಿತ್ತು: ಒಂದು ಕಣ್ಣು ಮುಚ್ಚಿ, ಎಡಗೈ ಚಾಚಿ, ಪರದೆಯ ಮೇಲೆ ಹೀರೋ ಎಲ್ಲಿದ್ದಾನೋ ಅಲ್ಲಿಗೆ ಸರಿಯಾಗಿ ಅಂಗೈ ಅಡ್ಡ ಹಿಡಿಯುವುದು. ಹೀರೋ ನಡೆದರೆ ಅಂಗೈಯೂ ನಡೆಯುತ್ತಿತ್ತು.

“ಯಜಮಾನ್ರೇ, ಕೈ ಇಳಿಸ್ರೀ, ಹೀರೋ ಕಾಣ್ತಿಲ್ಲ!” ಎಂದು ಒಮ್ಮೆ ಹಿಂದಿನ ಸಾಲಿನವನೊಬ್ಬ ಕೂಗಿದ.

“ನನಗೂ ಕಾಣ್‌ಬಾರ್ದು ಅಂತಲೇ ಕಣಪ್ಪಾ ಹಿಡಿದಿರೋದು,” ಎಂದರು ಕೆಂಪಯ್ಯನವರು, ತಿರುಗದೆ. ಆಮೇಲೆ ನನ್ನ ಕಡೆ ಬಾಗಿ, “ಮಾತಾಡೋನ್ನ ಏನ್ ನೋಡೋದು ಸಾರ್? ಅವನಿಗೆ ಕೆಲಸ ಐತೆ. ಮಾತಿಲ್ದೆ ನಿಂತವ್ನಲ್ಲ, ಅವನು ಏನ್ ಮಾಡ್ತಾವ್ನೆ ನೋಡಿ. ಸುಮ್ನೆ ನಿಲ್ಲೋದೇ ಕಷ್ಟ,” ಎಂದರು.

ಆ ವರ್ಷ ಅಭಿನಯಕ್ಕೆ ಇದ್ದದ್ದು ಒಂದೇ ಫಲಕ. ಅದು ಒಬ್ಬ ದೊಡ್ಡ ನಟನಿಗೆ ಎಂದು ನಂಜಪ್ಪನವರು ಆಗಲೇ ನಿಶ್ಚಯಿಸಿದ್ದರು. ಕೊಟ್ಟರೆ ನಟ ಸಮಾರಂಭಕ್ಕೆ ಬರುತ್ತಾನೆ. ನಟ ಬಂದರೆ ಊರೇ ಬರುತ್ತದೆ. ನಾನೂ ನಾದಿನಿಯರಿಬ್ಬರಿಗೆ ಅವನ ಪಕ್ಕ ನಿಲ್ಲಿಸಿ ಫೋಟೊ ತೆಗೆಸುವುದಾಗಿ ಮಾತು ಕೊಟ್ಟು, ಮನೆಯಲ್ಲಿ ಎರಡು ವಾರ ಗೌರವದಿಂದ ಬಾಳಿದ್ದೆ.

ಕೆಂಪಯ್ಯನವರು ಮಾತ್ರ ಒಂದು ವಠಾರದ ಕಥೆಯ ಸಿನಿಮಾವನ್ನು ಹಿಡಿದು ಕೂತರು. ಹನ್ನೊಂದು ಜನ ನಟರು, ಒಂದು ನಲ್ಲಿ, ಹೀರೋ ಎಂಬುವವನೇ ಇಲ್ಲ. ಮೂರು ಸಲ ನೋಡಿದ್ದರು.

“ಫಲಕ ಈ ಗುಂಪಿಗೆ ಹೋಗ್‌ಬೇಕು. ಇಲ್ದಿದ್ರೆ ನಾನು ಇನ್ಮೇಲೆ ತೀರ್ಪಿಗೆ ಕೂರಲ್ಲ. ಅಲ್ಲಿ ಜಗಲಿ ಮೇಲೆ ಅವರೆಕಾಯಿ ಸುಲಿತಾ ಒಂದು ಅಜ್ಜಿ ಕೂತಿರುತ್ತೆ. ಎದುರಿಗೆ ಹೊಡೆದಾಟ ಆಗ್ತಿದ್ರೂ ತಲೆ ಎತ್ತಲ್ಲ. ಆಯಮ್ಮಂಗೆ ಹತ್ತಕ್ಕೆ ಹತ್ತು ಕೊಟ್ಟಿದೀನಿ.”

ನಂಜಪ್ಪನವರು ಬಾಯಿ ಒರೆಸಿಕೊಂಡು ನಗುವುದಕ್ಕೆ ಅಣಿಯಾದರು. “ಕೆಂಪಯ್ಯ, ಆ ಸಿನಿಮಾ ತೆಗೆದಿದ್ದು ಗೋವಿಂದರಾಜನಗರದಲ್ಲಿ, ನಮ್ಮ ಡಿಪೋ ಗಿರಾಕಿ ಮನೇಲಿ. ಆ ಅಜ್ಜಿ ಅವರ ತಾಯಿ! ಆಕ್ಟರ್ ಅಲ್ಲ ಕಣಯ್ಯಾ. ‘ಏಳಮ್ಮಾ, ಶೂಟಿಂಗು’ ಅಂದ್ರೆ, ‘ಬಿಸಿಲು ಇಲ್ಲೇ ಬರೋದು, ನೀವು ಬೇಕಾದ್ರೆ ಆ ಕಡೆ ಹೋಗಿ’ ಅಂದ್ರಂತೆ!”

ನಾನೂ ನಕ್ಕೆ. ಇಪ್ಪತ್ತು ವರ್ಷದ ಅನುಭವ, ನಟನೆಯನ್ನೇ ಮಾಡದವರಿಗೆ ಪೂರ್ಣಾಂಕ ಕೊಟ್ಟಿತ್ತು. ಕೆಂಪಯ್ಯನವರು ಕೆಂಪಾದರು. ಎರಡು ತುತ್ತು ಖಾರಾಬಾತ್ ನಿಧಾನವಾಗಿ ತಿಂದರು.

“ಹಂಗಾದ್ರೆ ಆಯಮ್ಮನ ಹತ್ತು ತೆಗೀರಿ,” ಎಂದರು. “ತೆಗೆದು, ಮಿಕ್ಕ ಹನ್ನೊಂದು ಜನಕ್ಕೆ ಹಂಚಿ.”

“ಹತ್ತು ಅಂಕ ಹನ್ನೊಂದು ಜನಕ್ಕೆ ಹೆಂಗಯ್ಯಾ ಹಂಚೋದು?”

“ಕೂದಲೆಳೆ ಲೆಕ್ಕದಲ್ಲಿ ಕಬ್ಬಿಣ ಕೆರೆಯೋನು ನಾನು. ಹಂಚ್ತೀನಿ, ಬಿಡಿ. ಆದ್ರೆ ಯಾಕೆ ಅಂತ ಕೇಳಿ ಮೊದಲು. ನಿಜವಾದ ಅಜ್ಜಿ ಪಕ್ಕದಲ್ಲಿ ಹನ್ನೊಂದು ಜನ ನೀರು ಹಿಡಿದವ್ರೆ, ಬೈದವ್ರೆ, ಅತ್ತವ್ರೆ. ಯಾರು ನಿಜ, ಯಾರು ಆಕ್ಟು ಅಂತ ಮೂರು ಸಲ ನೋಡಿದ ನನಗೇ ಗೊತ್ತಾಗ್ಲಿಲ್ವಲ್ಲ! ನಿಮ್ಮ ಹೀರೋನ ಐದು ನಿಮಿಷ ಆಯಮ್ಮನ ಪಕ್ಕ ಕೂರಿಸಿ ಸ್ವಾಮೀ. ಅವನ ಬಣ್ಣ ಅಲ್ಲೇ ಕಾಣುತ್ತೆ.”

ಇಬ್ಬರೂ ನನ್ನ ಕಡೆ ತಿರುಗಿದರು. ನಾದಿನಿಯರು ಕಣ್ಣ ಮುಂದೆ ಹಾದುಹೋದರು. ಹೊಸ ಸೀರೆ ಉಟ್ಟಿದ್ದರು. ನಾನು ಆತ್ಮಸಾಕ್ಷಿಯನ್ನು ಸ್ಮರಿಸಿ, ಮುಂದಿನ ಆರು ತಿಂಗಳ ಗೃಹಜೀವನವನ್ನು ತ್ಯಾಗ ಮಾಡಿ, ಗುಂಪಿಗೆ ಕೈ ಎತ್ತಿದೆ.

“ಬ್ಯಾಂಕಿನವರನ್ನ ನಂಬಬಾರ್ದು,” ಎಂದರು ನಂಜಪ್ಪನವರು.

ಸಮಾರಂಭಕ್ಕೆ ಹನ್ನೊಂದು ನಟರಲ್ಲಿ ಎಂಟು ಜನ ಸಿಟಿ ಬಸ್ಸಿನಲ್ಲಿ ಬಂದರು. ಒಂದು ಫಲಕಕ್ಕೆ ಹದಿನಾರು ಕೈ. ಫಲಕ ಮೊದಲು ಯಾರ ಮನೆಯಲ್ಲಿರಬೇಕೆಂದು ವೇದಿಕೆಯ ಮೇಲೆಯೇ ಚರ್ಚೆ ಶುರುವಾಯಿತು. “ನಿಂಗೆ ಯಾಕೋ, ನೀನು ಎರಡನೇ ಸೀನಲ್ಲೇ ಊರು ಬಿಟ್ಟಿದ್ದೆ!” ಎಂದು ಒಬ್ಬಾಕೆ ಗದರಿದರು. ಕೆಂಪಯ್ಯನವರು ಹಿಂದಿನ ಸಾಲಿನಲ್ಲಿ ಸೆಕೆಂಡ್ ಶಿಫ್ಟಿನ ಖಾಕಿ ಬಟ್ಟೆಯಲ್ಲೇ ಕೂತು ಮನಸಾರೆ ನಗುತ್ತಿದ್ದರು. ಅವರಿಗೂ ಮಾಲೆ ಹಾಕೋಣವೆಂದು ಹೆಸರು ಕರೆಯುವ ಹೊತ್ತಿಗೆ ಕುರ್ಚಿ ಖಾಲಿ, ಶಿಫ್ಟಿಗೆ ಹೊತ್ತಾಗಿತ್ತು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಕೆಲವೇ ತಿಂಗಳಲ್ಲಿ ಅವರು ನಿವೃತ್ತರಾಗಿ ಕೆಂಗೇರಿಯ ಮಗಳ ಮನೆ ಸೇರಿದರು. ಮರುವರ್ಷದ ಫಲಕ ಆ ದೊಡ್ಡ ನಟನಿಗೆ ಹೋಯಿತು. ಗುಂಪಿನ ಅಭಿನಯಕ್ಕೆ ಸಂಘ ಮತ್ತೆ ಪ್ರಶಸ್ತಿ ಕೊಡಲಿಲ್ಲ.